ಈ ಸೈಕಲ್ ಓಡುತ್ತದೆಯೇ? ತಪ್ಪು ಚಿತ್ರದಿಂದ ಬೆಳೆದ ಒಂದು ವಿಜ್ಞಾನ ಪಾಠ

ಅಭ್ಯಾಸ ಬೋಧನೆಯ ಮೂರನೇ ವಾರ. ಎಂಟನೇ ತರಗತಿ, ವಿಜ್ಞಾನ, ಘಟಕ ‘ಘರ್ಷಣೆ’. ಘರ್ಷಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಸೈಕಲ್ಲಿನ ಉದಾಹರಣೆಯಿಂದ ತಿಳಿಸುವುದು ನನ್ನ ಪಾಠಯೋಜನೆಯಲ್ಲಿತ್ತು. ಬರೆದಿಟ್ಟ ಚಾರ್ಟು ಹಾಸ್ಟೆಲ್ಲಿನಲ್ಲಿಯೇ ಉಳಿದುಹೋಗಿತ್ತು. ಸೈಕಲ್ ತಾನೆ, ಅದರಲ್ಲೇನಿದೆ ಎಂದುಕೊಂಡು ಕಪ್ಪುಹಲಗೆಯ ಮೇಲೆ ಚಿತ್ರ ಬರೆಯತೊಡಗಿದೆ. ಎರಡು ಚಕ್ರ, ಸೀಟು, ಹ್ಯಾಂಡಲ್, ನಡುವೆ ಪೆಡಲ್. ಚೈನನ್ನು ಹಿಂದಿನ ಚಕ್ರದಿಂದ ಪೆಡಲಿಗೆ, ಅಲ್ಲಿಂದ ಮುಂದಿನ ಚಕ್ರಕ್ಕೂ ಎಳೆದೆ. ಕೊನೆಯ ಬೆಂಚಿನಲ್ಲಿ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು.

ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಹಿಂಗ ಚೈನ್ ಹಾಕಿದ್ರ ಹ್ಯಾಂಡಲ್ ಹೊಳ್ಳಂಗಿಲ್ರೀ.”

ತರಗತಿ ನಕ್ಕಿತು. ನನ್ನ ಕೈ ಡಸ್ಟರಿನ ಕಡೆ ಹೋಯಿತು. ಒರೆಸಿ ಸರಿಯಾಗಿ ಬರೆದಿದ್ದರೆ ಪಾಠ ಯೋಜನೆಯಂತೆಯೇ ಸಾಗುತ್ತಿತ್ತು. ಆದರೆ ಅವಳು ಹೇಳಿದ್ದು ನನಗೆ ಪೂರ್ತಿ ತಿಳಿದಿರಲಿಲ್ಲ. “ಯಾಕ ಹೊಳ್ಳಂಗಿಲ್ಲ?” ಎಂದು ಕೇಳಿದೆ. ಅವಳು ಹಲಗೆಯ ಬಳಿ ಬಂದು ತೋರಿಸಿದಳು. “ಪೆಡಲ್ ಇದ್ದಲ್ಲೇ ಇರ್ತದ್ರೀ. ಮುಂದಿನ ಗಾಲಿ ಆಕಡೆ ಈಕಡೆ ಹೊಳ್ಳತದ. ಹೊಳ್ಳಿಸಿದ್ರ ಚೈನ್ ಕಳಚಿ ಬೀಳತದ. ಬೀಳಲಿಲ್ಲ ಅಂದ್ರ ಗಾಲಿಗೆ ಹೊಳ್ಳಾಕ ಬಿಡಂಗಿಲ್ಲ.”

ಆ ಅವಧಿಯ ಉಳಿದ ಇಪ್ಪತ್ತು ನಿಮಿಷ ಮತ್ತು ಮುಂದಿನ ಎರಡು ಅವಧಿಗಳಲ್ಲಿ ನಡೆದುದನ್ನು, ಸಹಪ್ರಶಿಕ್ಷಣಾರ್ಥಿಗಳು ತಮ್ಮ ತರಗತಿಯಲ್ಲೂ ಬಳಸಲು ಬರುವಂತೆ, ಇಲ್ಲಿ ಬರೆದಿದ್ದೇನೆ.

1. ನೆನಪಿನ ಸೈಕಲ್

ಚಿತ್ರವನ್ನು ಒರೆಸದೆ ಹಾಗೆಯೇ ಬಿಟ್ಟು, ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟೆ. ಐದು ನಿಮಿಷದಲ್ಲಿ ನೆನಪಿನಿಂದ ಸೈಕಲ್ ಬರೆಯಬೇಕು, ಕಿಟಕಿಯ ಹೊರಗೆ ನೋಡುವಂತಿಲ್ಲ, ಪಕ್ಕದವರ ಹಾಳೆ ನೋಡುವಂತಿಲ್ಲ. ನನ್ನ ತಪ್ಪು ಎದುರಿಗೇ ಇದ್ದುದರಿಂದಲೋ ಏನೋ, ಚಿತ್ರಕಲೆ ಬಾರದು ಎನ್ನುವವರೂ ಹಿಂಜರಿಯಲಿಲ್ಲ.

ದಿನಾಲೂ ಸೈಕಲ್ ತುಳಿದು ಶಾಲೆಗೆ ಬರುವ ಮಕ್ಕಳು ಬರೆದ ಚಿತ್ರಗಳಲ್ಲಿ ನಿಜವಾಗಿ ಓಡಬಲ್ಲವು ಕೆಲವೇ ಇದ್ದವು. ಒಬ್ಬ ಎರಡೂ ಚಕ್ರಗಳ ನಡುಬಿಂದುವನ್ನು ಒಂದೇ ಉದ್ದ ಪೈಪಿನಿಂದ ಜೋಡಿಸಿದ್ದ. ಒಬ್ಬಳು ಪೆಡಲನ್ನು ಮುಂದಿನ ಚಕ್ರಕ್ಕೆ ಹಾಕಿದ್ದಳು. ಇನ್ನೊಬ್ಬನ ಸೈಕಲ್ಲಿಗೆ ಬೆಲ್, ಡೈನಮೋ, ಕ್ಯಾರಿಯರ್ ಎಲ್ಲ ಇದ್ದವು, ಹಿಂದಿನ ಚಕ್ರವನ್ನು ಹಿಡಿದುಕೊಳ್ಳುವ ಪೈಪು ಮಾತ್ರ ಇರಲಿಲ್ಲ.

ಇದು ನಮ್ಮ ಮಕ್ಕಳ ಕೊರತೆಯಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ರೆಬೆಕಾ ಲಾಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೈಪು, ಪೆಡಲ್, ಚೈನುಗಳ ಜಾಗವನ್ನು ಬಹಳ ಮಂದಿ ದೊಡ್ಡವರೇ ತಪ್ಪಾಗಿ ಗುರುತಿಸಿದ್ದರು. ಬಳಸುವುದೇ ಬೇರೆ, ಅದರ ರಚನೆ ತಿಳಿದಿರುವುದೇ ಬೇರೆ. ಇಟಲಿಯ ವಿನ್ಯಾಸಕಾರ ಜಾನ್ಲೂಕಾ ಜಿಮಿನಿ 2009ರಿಂದ ಗೆಳೆಯರಿಂದಲೂ ಅಪರಿಚಿತರಿಂದಲೂ ನೆನಪಿನ ಸೈಕಲ್ ಬರೆಸಿ 376 ಚಿತ್ರಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಕೆಲವನ್ನು ತಿದ್ದದೆ, ಕಂಪ್ಯೂಟರಿನಲ್ಲಿ ನಿಜವಾದ ಸೈಕಲ್ಲಿನ ಫೋಟೋದಂತೆ ಬಣ್ಣ ಹೊಳಪು ಕೊಟ್ಟು ರೂಪಿಸಿದರು. ಆ ಮಾಲಿಕೆಗೆ ‘ವೆಲೋಚಿಪೇಡಿಯಾ’ ಎಂದು ಹೆಸರು. ಗೀಚಿದ ಚಿತ್ರದಲ್ಲಿ ಕಾಣದ ದೋಷ ಫೋಟೋದಂಥ ರೂಪದಲ್ಲಿ ಎದ್ದು ಕಾಣುತ್ತದೆ. ಮಾರನೆಯ ದಿನ ಅದನ್ನು ಮೊಬೈಲಿನಲ್ಲಿ ತೋರಿಸಿದಾಗ ಮಕ್ಕಳು ಮೊದಲು ನಕ್ಕರು, ಆಮೇಲೆ “ಇದು ಎಲ್ಲಿ ಮುರೀತದ” ಎಂದು ವಾದಕ್ಕಿಳಿದರು. ನನಗೆ ಬೇಕಾಗಿದ್ದ ಪೀಠಿಕೆ ಅದೇ.

2. ಚಿತ್ರಕ್ಕೆ ಮೂರು ಪ್ರಶ್ನೆ

ಕೆಂಪು ಶಾಯಿ ಮುಟ್ಟಬಾರದೆಂದು ತೀರ್ಮಾನಿಸಿದೆ. ಹಾಳೆಗಳನ್ನು ಗುಂಪುಗಳಿಗೆ ಹಂಚಿ, ಪ್ರತಿ ಚಿತ್ರಕ್ಕೂ ಮೂರೇ ಪ್ರಶ್ನೆ ಕೇಳಲು ಹೇಳಿದೆ:

ಅ) ತುಳಿದರೆ ಚಕ್ರ ಉರುಳುತ್ತದೆಯೇ?
ಆ) ಹ್ಯಾಂಡಲ್ ತಿರುಗಿಸಿದರೆ ಸೈಕಲ್ ತಿರುಗುತ್ತದೆಯೇ?
ಇ) ಕೂತವರ ಭಾರವನ್ನು ತಡೆಯುತ್ತದೆಯೇ?

ಚಕ್ರಗಳನ್ನು ಒಂದೇ ಪೈಪಿನಿಂದ ಜೋಡಿಸಿದ ಚಿತ್ರ ಎರಡನೇ ಪ್ರಶ್ನೆಯಲ್ಲಿ ಸೋತಿತು. ಹಿಂದಿನ ಪೈಪು ಇಲ್ಲದ್ದು ಮೂರನೆಯದರಲ್ಲಿ ಸೋತಿತು. ಮೂರನೇ ಪ್ರಶ್ನೆಗೆ ಒಂದು ಚಟುವಟಿಕೆ ಬೇಕಾಯಿತು. ಅರವಿಂದ ಗುಪ್ತಾ ಅವರು ಪ್ರಚಾರಕ್ಕೆ ತಂದ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಜೋಡಣೆಯನ್ನು ಬಳಸಿದೆವು. ವಾಲ್ವ್ ಟ್ಯೂಬಿನ ತುಂಡುಗಳನ್ನು ಕೀಲಾಗಿ ಮಾಡಿ ಒಂದು ಚೌಕ, ಒಂದು ತ್ರಿಕೋನ ಕಟ್ಟಿಸಿದೆ. ಬೆರಳಿನಿಂದ ಒತ್ತಿದರೆ ಚೌಕ ಓರೆಯಾಗುತ್ತದೆ, ತ್ರಿಕೋನ ಅಲುಗುವುದಿಲ್ಲ. ಸೈಕಲ್ಲಿನ ಹಿಂಭಾಗ ತ್ರಿಕೋನ, ಮುಂಭಾಗ ಬಹುತೇಕ ತ್ರಿಕೋನ. ಸೀಟಿನ ಪೈಪು ಎರಡಕ್ಕೂ ಸೇರಿದ್ದು.

ಆಗ ಒಬ್ಬಳು ಕೇಳಿದಳು: “ನಮ್ಮ ಲೇಡೀಸ್ ಸೈಕಲ್‌ಗೆ ಮ್ಯಾಲಿನ ಪೈಪೇ ಇಲ್ಲಲ್ರೀ?” ಒಳ್ಳೆಯ ಪ್ರಶ್ನೆ. ಬೆಂಕಿಕಡ್ಡಿಯ ಕೀಲು ಮಡಚಿಕೊಳ್ಳುತ್ತದೆ, ಸೈಕಲ್ಲಿನ ಪೈಪುಗಳನ್ನು ಬೆಸೆದಿರುತ್ತಾರೆ. ಆದ್ದರಿಂದ ಮೇಲಿನ ಪೈಪನ್ನು ಕೆಳಗಿಳಿಸಿದರೂ ಸೈಕಲ್ ನಿಲ್ಲುತ್ತದೆ, ಆದರೆ ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ. ಲಂಗ, ಸೀರೆ ಉಟ್ಟವರು ಹತ್ತಲೆಂದು ವಿನ್ಯಾಸಕಾರರು ಆ ಬಿಗಿಯನ್ನು ಬಿಟ್ಟುಕೊಟ್ಟಿದ್ದಾರೆ. ವಿನ್ಯಾಸವೆಂದರೆ ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಡಬೇಕೆಂಬ ಲೆಕ್ಕ ಎಂದು ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

3. ಹಿಂದೊಮ್ಮೆ ಓಡಿದ ತಪ್ಪುಗಳು

ಮುಂದಿನ ಚಕ್ರಕ್ಕೇ ಪೆಡಲ್ ಹಾಕಿದವಳ ಚಿತ್ರವನ್ನು ಅವಳ ಗುಂಪಿನವರು ‘ತಪ್ಪು’ ಎಂದು ಬದಿಗಿಟ್ಟಿದ್ದರು. ಮೂರು ಪ್ರಶ್ನೆ ಕೇಳಿ ನೋಡಿ ಎಂದೆ. ತುಳಿದರೆ ಉರುಳುತ್ತದೆ, ತಿರುಗುತ್ತದೆ, ಭಾರ ತಡೆಯುತ್ತದೆ. ಚಿಕ್ಕ ಮಕ್ಕಳ ಮೂರು ಗಾಲಿಯ ಸೈಕಲ್ ಹೀಗೆಯೇ ಇದೆಯಲ್ಲ ಎಂದು ಅವರೇ ಗುರುತಿಸಿದರು. ಅಲ್ಲಿಂದ ಚರಿತ್ರೆಗೆ ಹೋದೆವು.

1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಎರಡು ಚಕ್ರದ ಗಾಡಿಗೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತ ಹೋಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. 1870ರ ದಶಕದಲ್ಲಿ ಮುಂದಿನ ಚಕ್ರ ಆಳೆತ್ತರಕ್ಕೆ ಬೆಳೆಯಿತು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ಮಾಡಿ, ಚೈನನ್ನು ಹಿಂದಿನ ಚಕ್ರಕ್ಕೆ ಕೊಟ್ಟರು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದರು. ನಾವು ಇಂದು ತುಳಿಯುವುದು ಹೆಚ್ಚುಕಡಿಮೆ ಅದೇ ಸೈಕಲ್.

ಮುಂದಿನ ಚಕ್ರ ಅಷ್ಟು ದೊಡ್ಡದಾದದ್ದು ಏಕೆ? ಇದನ್ನು ಅಂಗಳದಲ್ಲಿ ಅಳೆದು ಕಂಡುಕೊಂಡೆವು. ಒಂದು ಸೈಕಲ್ಲಿನ ಪೆಡಲ್ ಕಡೆಯ ಹಲ್ಲು ಎಣಿಸಿದರೆ 44, ಹಿಂದಿನ ಫ್ರೀವೀಲಿನ ಹಲ್ಲು 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಸುಮಾರು 2.4 ಸುತ್ತು. ಚಕ್ರದ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ಸೀಮೆಸುಣ್ಣದ ಗುರುತು ಹಾಕಿ ಅಳೆದಾಗ ಒಂದು ತುಳಿತಕ್ಕೆ ಸುಮಾರು 5 ಮೀಟರ್ ಬಂತು. ಚೈನಿಲ್ಲದೆ ಪೆಡಲ್ ನೇರ ಚಕ್ರಕ್ಕೇ ಇದ್ದರೆ, 5 ಮೀಟರ್ ಹೋಗಲು ಚಕ್ರದ ವ್ಯಾಸ ಎಷ್ಟಿರಬೇಕು? 5ನ್ನು 3.14ರಿಂದ ಭಾಗಿಸಿದರೆ ಸುಮಾರು 1.6 ಮೀಟರ್. ತರಗತಿಯ ಎಲ್ಲರಿಗಿಂತ ಎತ್ತರದ ಹುಡುಗನನ್ನು ನಿಲ್ಲಿಸಿ ಅವನ ಪಕ್ಕದ ಗೋಡೆಯ ಮೇಲೆ ಆ ಎತ್ತರ ಗುರುತು ಮಾಡಿದೆವು. “ಕಾಲು ಪೆಡಲಿಗೆ ಮುಟ್ಟೂದಿಲ್ಲ” ಎಂದ. ಅಲ್ಲಿಗೆ ಚೈನಿನ ಬೆಲೆ ಎಲ್ಲರಿಗೂ ತಿಳಿಯಿತು.

4. ಫೋಟೋ: ನಿಂತ ಸೈಕಲ್, ಓಡುವ ಸೈಕಲ್

ಎರಡನೇ ಅವಧಿಗೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನನ್ನ ಮೊಬೈಲ್ ಬಳಸಿದೆ. ಮಕ್ಕಳ ಮುಖ ಬರಬಾರದು, ಸೈಕಲ್ ಮಾತ್ರ ಬರಬೇಕು ಎಂಬುದು ಮೊದಲ ನಿಯಮ.

ನಿಂತ ಸೈಕಲ್ಲಿನ ಫೋಟೋಗೆ ಸೂಚನೆಗಳು: ಹಿನ್ನೆಲೆಗೆ ಬರಿಯ ಗೋಡೆ. ಚೈನಿರುವ ಬಲಬದಿ ಕ್ಯಾಮೆರಾ ಕಡೆಗೆ. ಕ್ಯಾಮೆರಾ ನಿಂತವರ ಕಣ್ಣಿನ ಎತ್ತರದಲ್ಲಿ ಬೇಡ, ಮೊಣಕಾಲೂರಿ ಚಕ್ರದ ನಡುಬಿಂದುವಿಗಿಂತ ತುಸು ಮೇಲೆ ಹಿಡಿಯಬೇಕು. ನಾಲ್ಕೈದು ಹೆಜ್ಜೆ ಹಿಂದೆ ಸರಿದು, ಸೈಕಲ್ಲಿಗೆ ನೇರವಾಗಿ ನಿಲ್ಲಬೇಕು. ತೀರ ಹತ್ತಿರದಿಂದಲೋ ಓರೆಯಾಗಿಯೋ ತೆಗೆದರೆ ಚಕ್ರ ಮೊಟ್ಟೆಯಾಕಾರಕ್ಕೆ ಬರುತ್ತದೆ. ಮಕ್ಕಳು ಎರಡೂ ಬಗೆಯಲ್ಲಿ ತೆಗೆದು ಹೋಲಿಸಿದರು. ಆ ಫೋಟೋವನ್ನು ನೋಡುತ್ತ ತಮ್ಮ ನೆನಪಿನ ಚಿತ್ರವನ್ನು ತಾವೇ ತಿದ್ದಿಕೊಂಡರು.

ಓಡುವ ಸೈಕಲ್ಲಿಗೆ ಹೋಗುವ ಮುನ್ನ ಆನ್ರಿ ಕಾರ್ಟಿಯೆ-ಬ್ರೆಸನ್ 1932ರಲ್ಲಿ ಫ್ರಾನ್ಸಿನ ಇಯೇರ್ ಊರಿನಲ್ಲಿ ತೆಗೆದ ಪ್ರಸಿದ್ಧ ಚಿತ್ರ ತೋರಿಸಿದೆ. ಮೇಲಿನಿಂದ ಕಾಣುವ ಸುತ್ತುಮೆಟ್ಟಿಲು ಸ್ಪಷ್ಟವಾಗಿದೆ, ಕೆಳಗಿನ ಬೀದಿಯಲ್ಲಿ ಹಾಯುವ ಸೈಕಲ್ ಸವಾರ ಮಸುಕಾಗಿದ್ದಾನೆ. “ಫೋಟೋ ಕೆಟ್ಟೈತೇನು?” ಎಂದೆ. “ಇಲ್ರೀ, ಅಂವ ಓಡ್ಯಾನ” ಎಂದರು. ಮಸುಕು ಚಲನೆಯ ಗುರುತು ಎಂಬ ಮಾತು ಅವರಿಂದಲೇ ಬಂತು.

ಆಮೇಲೆ ಒಬ್ಬ ಹುಡುಗ ಸೈಕಲ್ಲನ್ನು ನಿಧಾನವಾಗಿ ಓಡಿಸಿದ. ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ ಅವಧಿಯನ್ನು 1/30 ಸೆಕೆಂಡಿಗೆ ಇಟ್ಟು, ಮೊಬೈಲನ್ನು ಅಲುಗಿಸದೆ ತೆಗೆದೆವು. ಬಿಸಿಲಿನಲ್ಲಿ ಚಿತ್ರ ಬಿಳಿಚಿಕೊಳ್ಳುವುದರಿಂದ ಮರದ ನೆರಳು ಬೇಕು. ವೇಗವಾಗಿ ಓಡಿಸಿದರೆ ಕಡ್ಡಿಗಳು ಬಾಗಿದಂತೆ ಬರುತ್ತವೆ. ಮೊಬೈಲ್ ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವುದು ಅದಕ್ಕೆ ಕಾರಣ. ಹೀಗಾಗಿ ನಿಧಾನವೇ ಒಳ್ಳೆಯದು.

ಚಿತ್ರವನ್ನು ಹಿಗ್ಗಿಸಿದಾಗ ಚಕ್ರದ ಮೇಲಿನ ಕಡ್ಡಿಗಳು ಮಸುಕಾಗಿದ್ದವು, ನೆಲದ ಹತ್ತಿರದ ಕಡ್ಡಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಒಂದೇ ಚಕ್ರ, ಒಂದೇ ಕ್ಷಣ. ಏಕೆ ಹೀಗೆ? ಸೈಕಲ್ ಗಂಟೆಗೆ 12 ಕಿ.ಮೀ. ಹೋಗುತ್ತಿದ್ದರೆ ಚಕ್ರದ ನಡುಬಿಂದುವಿನ ವೇಗವೂ 12. ತುದಿಯಲ್ಲಿ ಉರುಳುವ ವೇಗ ಕೂಡಿ 24 ಆಗುತ್ತದೆ, ಬುಡದಲ್ಲಿ ಕಳೆದು ಸೊನ್ನೆಯಾಗುತ್ತದೆ. ನೆಲ ಮುಟ್ಟಿದ ಟಯರಿನ ಭಾಗ ಆ ಕ್ಷಣ ನಿಂತಿರುತ್ತದೆ. ಅದು ನೆಲವನ್ನು ಉಜ್ಜುವುದಿಲ್ಲ, ಒತ್ತಿ ಏಳುತ್ತದೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಕಡಿಮೆ ಎಂಬ ಪಠ್ಯದ ವಾಕ್ಯವನ್ನು ನಾನು ಹಲಗೆಯ ಮೇಲೆ ಬರೆದದ್ದು ಇಷ್ಟಾದ ಮೇಲೆ. ಒಬ್ಬ ಹುಡುಗ ಗಟ್ಟಿ ಬ್ರೇಕ್ ಹಾಕಿ ಮಣ್ಣಿನಲ್ಲಿ ಬಿದ್ದ ಗೆರೆಯನ್ನು ತೋರಿಸಿ, “ಇಲ್ಲಿ ಉಜ್ಜೇತ್ರೀ” ಎಂದ.

5. ಮೌಲ್ಯಮಾಪನ ಮತ್ತು ಹೊಸ ವಿನ್ಯಾಸ

ತಿದ್ದಿದ ಚಿತ್ರದ ಮೇಲೆ ಘರ್ಷಣೆ ಬೇಕಾದ ಕಡೆ ಕೆಂಪು, ಬೇಡವಾದ ಕಡೆ ಹಸಿರು ಚುಕ್ಕೆ ಇಡಲು ಹೇಳಿದೆ. ಟಯರು, ಬ್ರೇಕ್ ರಬ್ಬರು, ಪೆಡಲ್, ಹ್ಯಾಂಡಲ್ ಹಿಡಿಕೆ ಕೆಂಪಾದವು. ಚಕ್ರದ ನಡುವಿನ ಬೇರಿಂಗು, ಚೈನಿನ ಕೀಲುಗಳು ಹಸಿರಾದವು. ಅಂಕ ಕೊಡುವಾಗ ಚಿತ್ರದ ಅಂದ ನೋಡದೆ, ಚುಕ್ಕೆಗೆ ಕೊಟ್ಟ ಕಾರಣವನ್ನು ನೋಡಿದೆ.

ಗೃಹಪಾಠ: ನಿಮ್ಮ ಓಣಿಯಲ್ಲಿ ಕೆಲಸಕ್ಕೆಂದು ಬದಲಿಸಿಕೊಂಡ ಒಂದು ಸೈಕಲ್ಲನ್ನು ಗಮನಿಸಿ, ಯಜಮಾನರನ್ನು ಕೇಳಿ ಚಿತ್ರ ಬರೆಯಿರಿ. ಹಾಲಿನ ಕ್ಯಾನು ತೂಗುಹಾಕಲು ಕೊಂಡಿ ಬೆಸೆಸಿದ ಸೈಕಲ್, ಸ್ಟ್ಯಾಂಡ್ ಹಾಕಿ ತುಳಿದರೆ ಬೆಲ್ಟಿನಿಂದ ಸಾಣೆಕಲ್ಲು ತಿರುಗುವ ಸೈಕಲ್ ಬಂದವು. ಸಾಣೆಯವರ ಸೈಕಲ್ ಬರೆದ ಹುಡುಗ ಕಲ್ಲಿಗೆ ಕೆಂಪು ಚುಕ್ಕೆ, ಅದರ ಅಚ್ಚಿಗೆ ಹಸಿರು ಚುಕ್ಕೆ ಇಟ್ಟಿದ್ದ. ಅವರಿಗೆ ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ ಅವರ ಕಥೆ ಹೇಳಿದೆ. ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಬಳಸಿ ತಾವೇ ಕಟ್ಟಿದ ಸೈಕಲ್ಲಿನ ವಿನ್ಯಾಸದಿಂದ ಅವರು 1993ರ ಜುಲೈಯಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ತುಳಿದು ವಿಶ್ವದಾಖಲೆ ಬರೆದರು. ಒಂದೇ ವಾರದಲ್ಲಿ ಕ್ರಿಸ್ ಬೋರ್ಡ್‌ಮನ್ ಆ ದಾಖಲೆ ಮುರಿದರು ಎಂಬುದನ್ನೂ ಹೇಳಿದೆ.

6. ಸಹಪ್ರಶಿಕ್ಷಣಾರ್ಥಿಗಳಿಗೆ

ಮೂರು ಅವಧಿ ಹಿಡಿಯಿತು, ಯೋಜನೆಯಲ್ಲಿದ್ದದ್ದು ಒಂದೇ. ಘಟಕದ ಕೊನೆಯ ಭಾಗವನ್ನು ಅವಸರದಲ್ಲಿ ಮುಗಿಸಬೇಕಾಯಿತು. ನೀವು ಮಾಡುವಾಗ ಚರಿತ್ರೆಯ ಭಾಗವನ್ನು ಸಮಾಜ ವಿಜ್ಞಾನದ ಗೆಳೆಯರಿಗೆ, ವ್ಯಾಸದ ಲೆಕ್ಕವನ್ನು ಗಣಿತದವರಿಗೆ ಹಂಚಿದರೆ ಸಮಯ ಉಳಿಯುತ್ತದೆ. ಮನೆಯಲ್ಲಿ ಸೈಕಲ್ ಇಲ್ಲದ ಮಕ್ಕಳನ್ನು ಹಲ್ಲು ಎಣಿಸಲು, ಫೋಟೋ ತೆಗೆಯಲು ಮೊದಲು ಕರೆಯಿರಿ. ನಾನು ಇದನ್ನು ಎರಡನೇ ದಿನ ಗಮನಿಸಿದೆ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಎರಡು ಸಾಲು ಬರೆದಿದ್ದರು. ಬೋಧನೋಪಕರಣ ಮರೆತು ಬಂದದ್ದಕ್ಕೆ ಅಂಕ ಕಳೆದಿದ್ದರು. ಅದರ ಕೆಳಗೆ, ಡಸ್ಟರ್ ಕೆಳಗಿಟ್ಟು ‘ಯಾಕೆ’ ಎಂದು ಕೇಳಿದ್ದಕ್ಕೆ ಅಂಕ ಕೊಟ್ಟಿದ್ದರು. ಮೂರನೇ ದಿನ ನಾನು ಚಾರ್ಟು ತಂದಿದ್ದೆ. ಅದರಲ್ಲೂ ಚೈನು ಸರಿಯಾಗಿದೆಯೇ ಎಂದು ನೋಡಿ ಹೇಳಲು ಮೂರನೇ ಸಾಲಿನ ಆ ಹುಡುಗಿಯನ್ನೇ ಕರೆದೆ. ಅವಳು ಚಾರ್ಟಿನ ಹತ್ತಿರ ಬಂದು, ಬೆರಳಿನಿಂದ ಚೈನಿನ ಮೇಲೆ ಒಂದು ಸುತ್ತು ಹಾಕಿ, “ಇದು ಓಡ್ತದ್ರೀ” ಎಂದಳು.