ಸರಕಾರ ಹೇಳಿಕೊಟ್ಟ ದಾಂಪತ್ಯ ಪಾಠ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ನಮ್ಮ ಗಾದೆ. ಅಮೆರಿಕದಲ್ಲಿ ಈ ಜಗಳ ಸರಕಾರದ ಆಯವ್ಯಯ ಪತ್ರಕ್ಕೂ ಏರಿತು. ತಂದೆತಾಯಿ ಇಬ್ಬರೂ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಬಡತನ ಕಡಿಮೆ; ಆದುದರಿಂದ ಮದುವೆ ಗಟ್ಟಿಯಾದರೆ ಬಡತನ ತಗ್ಗೀತು ಎಂಬುದು ಅಲ್ಲಿನವರ ತರ್ಕ. 1996ರ ಜನಕಲ್ಯಾಣ ಕಾಯಿದೆ ಮದುವೆಯ ಪ್ರೋತ್ಸಾಹವನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿತು. 2006ರಲ್ಲಿ ಸಹಿ ಬಿದ್ದ ಇನ್ನೊಂದು ಕಾಯಿದೆ ಈ ಕೆಲಸಕ್ಕೂ ತಂದೆಯರಿಗೆ ಹೊಣೆ ಕಲಿಸುವ ಕೆಲಸಕ್ಕೂ ಸೇರಿಸಿ ವರ್ಷಕ್ಕೆ 15 ಕೋಟಿ ಡಾಲರು ತೆಗೆದಿರಿಸಿತು.

ಈ ತರ್ಕದಲ್ಲಿ ಒಂದು ತೊಡಕುಂಟು. ಒಗ್ಗಟ್ಟಿನ ಮನೆಯಲ್ಲಿ ವಿದ್ಯೆಯೂ ಸಂಬಳವೂ ಮೊದಲೇ ಹೆಚ್ಚಿರಬಹುದು. ಹಾಗಾದರೆ ಮಕ್ಕಳ ಏಳಿಗೆಗೆ ಮದುವೆ ಕಾರಣವೋ, ಸಂಬಳ ಕಾರಣವೋ? ಪಾಠಕ್ಕೆ ತಾವಾಗಿ ಬಂದವರನ್ನು ಬಾರದವರೊಡನೆ ಹೋಲಿಸಿದರೂ ಸತ್ಯ ತಿಳಿಯದು. ಬಂದವರು ಮೊದಲೇ ಅನ್ಯೋನ್ಯವಾಗಿದ್ದವರಿರಬಹುದು. ಅದಕ್ಕಾಗಿ ಸಂಶೋಧಕರು ಚೀಟಿ ಎತ್ತುವಂಥ ಕ್ರಮ ಹಿಡಿದರು. ಒಪ್ಪಿ ಬಂದ ಜೋಡಿಗಳಲ್ಲಿ ಅರ್ಧದಷ್ಟಕ್ಕೆ ಪಾಠ, ಉಳಿದವರಿಗೆ ಇಲ್ಲ. ಯಾರು ಯಾವ ಕಡೆ ಎಂಬುದು ಅದೃಷ್ಟ. (ಚೀಟಿ ಕಟ್ಟುವ ನಮ್ಮವರಿಗೆ ಇದು ಬೇಗ ತಿಳಿದೀತು.) ಹೀಗೆ ವಿಂಗಡಿಸಿದ ಮೇಲೆ ಎರಡು ಗುಂಪುಗಳ ನಡುವೆ ಎದ್ದು ಕಾಣುವ ಅಂತರ ಪಾಠದ ಫಲವೆನ್ನಬಹುದು.

ಮೊದಲ ಪ್ರಯೋಗ ಮದುವೆಯಾಗದೆ ಮಗುವನ್ನು ಪಡೆದ, ಇಲ್ಲವೆ ಪಡೆಯಲಿದ್ದ, ಸುಮಾರು 5,000 ಜೋಡಿಗಳ ಮೇಲೆ, 8 ಕಡೆ ನಡೆಯಿತು. ಜೋಡಿಗೆ ಸುಮಾರು 11,000 ಡಾಲರು ಖರ್ಚು. ಗುಂಪಿನ ಪಾಠಕ್ಕೆ ಒಮ್ಮೆಯೂ ಬಾರದವರು ಬಹಳ. ದುಡಿಮೆ, ಹಸುಗೂಸು ಎರಡೂ ಇರುವವರಿಗೆ ಸಂಜೆಯ ತರಗತಿ ಎಷ್ಟು ಕಷ್ಟವೆಂದು ನಾವು ಬಲ್ಲೆವು. ಒಕ್ಲಹೋಮ ನಗರದಲ್ಲಿ 15 ತಿಂಗಳ ಹೊತ್ತಿಗೆ ಒಳ್ಳೆಯ ಫಲ ಕಂಡಿತು. ಬಾಲ್ಟಿಮೋರಿನಲ್ಲಿ ಪಾಠದ ಗುಂಪೇ ಹಿಂದೆ ಬಿತ್ತು. 3 ವರ್ಷಗಳ ಬಳಿಕ, 2012ರ ವರದಿಯ ಪ್ರಕಾರ, ಒಟ್ಟಿನಲ್ಲಿ ಜೊತೆಯಾಗಿ ಉಳಿಯುವುದರಲ್ಲಿಯೂ ಮದುವೆಯಾಗುವುದರಲ್ಲಿಯೂ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಮದುವೆಯಾದ, ಅಲ್ಪ ವರಮಾನದ 6,000ಕ್ಕೂ ಮಿಕ್ಕಿದ ದಂಪತಿಗಳದು. 2014ರಲ್ಲಿ ಅದರ ಕೊನೆಯ ವರದಿ ಬಂತು. ಪಾಠ ಸಿಕ್ಕಿದವರಲ್ಲಿ ಸಂತೋಷ, ಪರಸ್ಪರ ಆದರ ತುಸು ಹೆಚ್ಚು, ಕಟುಮಾತು ತುಸು ಕಡಿಮೆ. ಆದರೆ ಮದುವೆ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ. ಮಕ್ಕಳ ಮೇಲೆ ಪರಿಣಾಮ ಅತ್ಯಲ್ಪ.

ಆ ತುಸು ಲಾಭವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದೇ ಕೋಣೆಯ ಸಂಸಾರದಲ್ಲಿ ಕಟುಮಾತು ಕಡಿಮೆಯಾಗುವುದೂ ದೊಡ್ಡದೇ. ಆದರೆ ಬಡತನ ಕಳೆಯುವ ಉಪಾಯವೆಂದು ಹೇಳಿ ಹಣ ಪಡೆದ ಮೇಲೆ ಅದೇ ಅಳತೆಯಲ್ಲಿ ಅದನ್ನು ತೂಗಬೇಕು. ಅಷ್ಟು ಹಣವನ್ನು ಕೆಲಸಕ್ಕೂ ಮನೆಬಾಡಿಗೆಗೂ ಕೊಡಬಾರದೇ ಎಂದು ಅಲ್ಲಿಯೂ ಕೇಳಿದವರುಂಟು. ಕಾಂಗ್ರೆಸ್ಸು ಯೋಜನೆಯನ್ನು ನಿಲ್ಲಿಸಲಿಲ್ಲ. 2010ರ ಕಾಯಿದೆಯಲ್ಲಿ ಮದುವೆಯ ಪಾಠಕ್ಕೆ 7.5 ಕೋಟಿ, ತಂದೆಯರ ಕಾರ್ಯಕ್ರಮಕ್ಕೆ 7.5 ಕೋಟಿ ಡಾಲರೆಂದು ಸಮಪಾಲು ಮಾಡಿತು.