ರೈಲ್ವೆ ಅಪಘಾತ ವಿಚಾರಣೆ: ಶಿಫಾರಸು ಜಾರಿಗೆ ಬರುವ ಬಗೆ

1956ರ ಸೆಪ್ಟೆಂಬರಿನಲ್ಲಿ ಅಂದಿನ ಹೈದರಾಬಾದ್ ರಾಜ್ಯದ ಮಹಬೂಬ್‌ನಗರದ ಬಳಿ ಮಳೆನೀರಿನ ರಭಸಕ್ಕೆ ರೈಲ್ವೆ ಸೇತುವೆಯೊಂದು ಕುಸಿದು ನೂರಕ್ಕೂ ಹೆಚ್ಚು ಪ್ರಯಾಣಿಕರು ಅಸುನೀಗಿದರು. ಆಗ ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ಅಂಗೀಕರಿಸಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮದ್ರಾಸ್ ರಾಜ್ಯದ ಅರಿಯಲೂರಿನ ಬಳಿ ಅಂಥದೇ ದುರಂತ ಸಂಭವಿಸಿದಾಗ ಶಾಸ್ತ್ರಿಯವರು ಮತ್ತೊಮ್ಮೆ ರಾಜೀನಾಮೆಯಿತ್ತರು. ಈ ಬಾರಿ ಅದು ಅಂಗೀಕೃತವಾಯಿತು. ಸಾರ್ವಜನಿಕ ಜೀವನದ ನೈತಿಕತೆಗೆ ನಿದರ್ಶನವಾಗಿ ಈ ಪ್ರಸಂಗವನ್ನು ನಾವೆಲ್ಲರೂ ಶಾಲಾದಿನಗಳಿಂದ ಕೇಳುತ್ತ ಬಂದಿದ್ದೇವೆ. ಆದರೆ ಸಚಿವರ ರಾಜೀನಾಮೆಯಿಂದ ಸೇತುವೆಯ ಕಂಡಿ ಅಗಲವಾಗುವುದಿಲ್ಲ.

ಸುಮಾರು ಅರ್ಧ ಶತಮಾನದ ತರುವಾಯ, 2005ರ ಅಕ್ಟೋಬರ್ 29ರ ಬೆಳಗಿನ ಜಾವ, ಹೈದರಾಬಾದಿನ ಪೂರ್ವಕ್ಕಿರುವ ವಲಿಗೊಂಡದ ಸಮೀಪದಲ್ಲಿ ಕೆರೆಯ ನೀರು ನುಗ್ಗಿ ಹಳಿಯ ಕೆಳಗಿನ ನೆಲವನ್ನೇ ಕೊಚ್ಚಿಕೊಂಡು ಹೋಯಿತು. ಸಿಕಂದರಾಬಾದ್ ಮತ್ತು ರೇಪಲ್ಲೆಗಳ ನಡುವೆ ಸಂಚರಿಸುವ ಡೆಲ್ಟಾ ಪ್ಯಾಸೆಂಜರ್ ರೈಲು ಕತ್ತಲಲ್ಲಿ ಆ ಕಂದರಕ್ಕೆ ಉರುಳಿತು. ಇಲ್ಲಿಯೂ ಮಡಿದವರ ಸಂಖ್ಯೆ ನೂರನ್ನು ಮೀರಿತು. ನೀರು ಹಳಿಯನ್ನು ಕೊಚ್ಚಿಹಾಕಬಲ್ಲದೆಂಬುದು 2005ರಲ್ಲಿ ಯಾರಿಗೂ ಹೊಸ ತಿಳಿವಳಿಕೆಯಾಗಿರಲಿಲ್ಲ. ಹೀಗಿರುವಾಗ, ಒಂದು ಅಪಘಾತದಿಂದ ಕಲಿತ ಪಾಠ ಮುಂದಿನ ಅಪಘಾತವನ್ನು ತಡೆಯುವ ಕಾರ್ಯವಾಗಿ ಮಾರ್ಪಡುವುದು ಹೇಗೆ, ಎಲ್ಲಿ ಅದು ನಿಂತುಹೋಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ವಿಚಾರಣೆ ನಡೆಸುವವರು ಯಾರು?

ಪ್ರಯಾಣಿಕರ ರೈಲಿಗೆ ಅಪಘಾತವಾಗಿ ಪ್ರಾಣಹಾನಿ, ತೀವ್ರ ಗಾಯ ಅಥವಾ ಭಾರಿ ಪ್ರಮಾಣದ ಆಸ್ತಿನಷ್ಟ ಸಂಭವಿಸಿದಲ್ಲಿ 1989ರ ರೈಲ್ವೆ ಕಾಯಿದೆಯ 114ನೆಯ ಪ್ರಕರಣದನ್ವಯ ರೈಲ್ವೆ ಸುರಕ್ಷತಾ ಆಯುಕ್ತರು ವಿಚಾರಣೆ ನಡೆಸುತ್ತಾರೆ. ದಕ್ಷಿಣ ಮಧ್ಯ ವೃತ್ತದ ಆಯುಕ್ತರ ಕಚೇರಿ ಸಿಕಂದರಾಬಾದಿನಲ್ಲಿದೆ. ಕರ್ನಾಟಕದ ಬಹುಭಾಗ ಬೆಂಗಳೂರಿನಲ್ಲಿರುವ ದಕ್ಷಿಣ ವೃತ್ತದ ವ್ಯಾಪ್ತಿಗೆ ಸೇರಿದೆ. ಓದುಗರು ಗಮನಿಸಬೇಕಾದ ಸಂಗತಿಯೆಂದರೆ ಈ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನರಲ್ಲ. ಅವರು ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ರೈಲಿಗೂ ವಿಮಾನಕ್ಕೂ ಏನು ನಂಟು ಎಂದು ಅನೇಕರು ಅಚ್ಚರಿಪಡುವುದುಂಟು.

ಇದಕ್ಕೊಂದು ಇತಿಹಾಸವಿದೆ. 1937ರಲ್ಲಿ ಬಿಹಾರದ ಬಿಹಟಾದ ಬಳಿ ನಡೆದ ಭೀಕರ ಅಪಘಾತದ ನಂತರ, ಅದರಲ್ಲಿ ಸಿಲುಕಿದ್ದ ಬಗೆಯ ಉಗಿಬಂಡಿಗಳನ್ನು ಪರಿಶೀಲಿಸಲು ಬ್ರಿಟನ್ನಿನ ಮುಖ್ಯ ರೈಲ್ವೆ ತಪಾಸಣಾಧಿಕಾರಿ ಕರ್ನಲ್ ಮೌಂಟ್ ಅವರ ಅಧ್ಯಕ್ಷತೆಯಲ್ಲಿ ಪೆಸಿಫಿಕ್ ಲೋಕೋಮೋಟಿವ್ ಸಮಿತಿ ನೇಮಕವಾಯಿತು. ರೈಲು ಓಡಿಸುವವರೇ ತಪಾಸಣಾಧಿಕಾರಿಗಳ ಮೇಲಧಿಕಾರಿಗಳೂ ಆಗಿರುವುದು ಯುಕ್ತವಲ್ಲವೆಂದು ಅದು 1939ರಲ್ಲಿ ಅಭಿಪ್ರಾಯಪಟ್ಟಿತು. ಶಾಸನಸಭೆ ಇದನ್ನು ಅನುಮೋದಿಸಿತು. 1941ರ ಮೇ ತಿಂಗಳಲ್ಲಿ ತಪಾಸಣಾಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿ ಅಂಚೆ ಮತ್ತು ವಾಯುಯಾನ ಇಲಾಖೆಗೆ ವಹಿಸಲಾಯಿತು. 1961ರಲ್ಲಿ ಈ ಸಂಸ್ಥೆಗೆ ರೈಲ್ವೆ ಸುರಕ್ಷತಾ ಆಯೋಗವೆಂಬ ಹೆಸರಾಯಿತು. ಹೀಗೆ, ವಿಚಾರಣಾಧಿಕಾರಿಯ ಸ್ವಾತಂತ್ರ್ಯವೇ ಒಂದು ಅಪಘಾತದ ನಂತರ ಬಂದ, ಜಾರಿಯೂ ಆದ ಶಿಫಾರಸಿನ ಫಲ.

ಆದೇಶವಲ್ಲ, ಶಿಫಾರಸು

ನಮ್ಮ ಆಡುಮಾತಿನಲ್ಲಿ ಶಿಫಾರಸು ಎಂಬ ಪದಕ್ಕೆ ಬೇರೆಯದೇ ಅರ್ಥಚ್ಛಾಯೆಯುಂಟು. ಬಲ್ಲವರ ಶಿಫಾರಸಿನಿಂದ ಕೆಲಸ ಸಿಕ್ಕಿತೆಂದರೆ ಅದರ ಹಿಂದೆ ಪ್ರಭಾವವಿದೆಯೆಂದೇ ಅರ್ಥ. ಆಯುಕ್ತರ ಶಿಫಾರಸು ಇದಕ್ಕೆ ತದ್ವಿರುದ್ಧ. ಅದರ ಬೆನ್ನಿಗೆ ಒತ್ತಾಯಿಸುವ ಅಧಿಕಾರವಿಲ್ಲ; ಸಾಕ್ಷ್ಯ ಮತ್ತು ತರ್ಕ ಮಾತ್ರ ಇವೆ. ಆಡಳಿತದ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಈ ಒಂದು ಪದದ ಮುಂದೆ ನಾನು ಹಲವು ಬಾರಿ ತಡೆದು ನಿಂತದ್ದುಂಟು. ‘ಸೂಚನೆ’ ಎಂದರೆ ಬಲ ಹೆಚ್ಚಾಯಿತು, ‘ಸಲಹೆ’ ಎಂದರೆ ತೀರ ಹಗುರವಾಯಿತು.

ಹಾಗಾದರೆ ಬಲವಿಲ್ಲದ ಈ ಮಾತು ಹಳಿಯವರೆಗೆ ತಲುಪುವುದು ಹೇಗೆ? ಮೊದಲನೆಯದಾಗಿ, ಅದಕ್ಕೆ ಉತ್ತರ ಬರೆಯಲೇಬೇಕು. ನಿಯಮಗಳಲ್ಲಾಗಲಿ ಕಾರ್ಯವಿಧಾನದಲ್ಲಾಗಲಿ ಬದಲಾವಣೆ ಅಗತ್ಯವೆಂದು ವರದಿ ತಿಳಿಸಿದ್ದರೆ, ಅಂಥ ಅಪಘಾತ ಮರುಕಳಿಸದಂತೆ ಯಾವ ಕ್ರಮ ಕೈಗೊಳ್ಳಲಾಗಿದೆ ಅಥವಾ ಕೈಗೊಳ್ಳಲಾಗುವುದು ಎಂಬುದನ್ನು ಆಯಾ ರೈಲ್ವೆಯ ಮುಖ್ಯಸ್ಥರು ತಿಳಿಸಬೇಕೆಂದು ವಿಚಾರಣಾ ನಿಯಮಗಳು ವಿಧಿಸುತ್ತವೆ. ಒಪ್ಪದಿದ್ದಲ್ಲಿ ಆ ಭಿನ್ನಾಭಿಪ್ರಾಯವೂ ಕಡತದಲ್ಲಿ ಉಳಿಯುತ್ತದೆ. ಎರಡನೆಯದಾಗಿ, ಆಯೋಗದ ವಾರ್ಷಿಕ ವರದಿ ಸಂಸತ್ತಿನ ಉಭಯ ಸದನಗಳ ಮುಂದೆ ಮಂಡಿತವಾಗಬೇಕು. ಇವೆರಡಕ್ಕಿಂತಲೂ ಪರಿಣಾಮಕಾರಿಯಾದದ್ದು, ನನ್ನ ದೃಷ್ಟಿಯಲ್ಲಿ, ಆಯುಕ್ತರ ಇನ್ನೊಂದು ಪಾತ್ರ. ಹೊಸ ಮಾರ್ಗವನ್ನು ಪ್ರಯಾಣಿಕರ ಸಂಚಾರಕ್ಕೆ ತೆರೆಯುವ ಮುನ್ನ ಅವರ ತಪಾಸಣೆ ಕಡ್ಡಾಯ. ಅಪಘಾತದ ವರದಿ ಬರೆದ ಕೈಯೇ ನಾಳೆ ಹೊಸ ಮಾರ್ಗದ ಸೇತುವೆಯ ನಕ್ಷೆಯನ್ನೂ ಬಿಡಿಸಿ ನೋಡುತ್ತದೆ. ವಿಚಾರಣೆಯ ಕೊಠಡಿಯಲ್ಲಿ ಶಿಫಾರಸಾಗಿದ್ದದ್ದು ಅಲ್ಲಿ ಷರತ್ತಾಗಬಲ್ಲದು.

ಕೆರೆ ಯಾರದು, ಹಳಿ ಯಾರದು?

ವಲಿಗೊಂಡದ ಪ್ರಕರಣಕ್ಕೆ ಮರಳೋಣ. ತೆಲಂಗಾಣವಾಗಲಿ ನಮ್ಮ ಬಯಲುಸೀಮೆಯಾಗಲಿ ಕೆರೆಗಳ ನಾಡು. ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹರಿಯುವ ಸರಪಳಿ ವ್ಯವಸ್ಥೆ ಇಲ್ಲಿನದು. ಮೇಲಿನ ಏರಿ ಒಡೆದರೆ ಕೆಳಗಿನವು ಒಂದರ ಹಿಂದೊಂದು ಒಡೆಯುವ ಸಂಭವವುಂಟು. ಇಂಥ ಕೆರೆಯ ಕೆಳಗೆ ಹಾದುಹೋಗುವ ಹಳಿಯ ಮೋರಿಯನ್ನು ಮಳೆಯ ಲೆಕ್ಕ ಹಿಡಿದು ಕಟ್ಟಿರುತ್ತಾರೆಯೇ ಹೊರತು, ಒಡೆದ ಕೆರೆ ಒಮ್ಮೆಗೇ ಹೊರಚೆಲ್ಲುವ ನೀರಿನ ಲೆಕ್ಕ ಹಿಡಿದಲ್ಲ.

ಈ ಅಪಾಯವನ್ನು ರೈಲ್ವೆ ಎಂಜಿನಿಯರುಗಳು ಬಹು ಹಿಂದೆಯೇ ಗುರುತಿಸಿದ್ದರು. ಒಡೆದರೆ ಹಳಿಗೆ ಹಾನಿಯಾಗಬಲ್ಲ ಕೆರೆಗಳನ್ನು ‘ರೈಲ್ವೆ ಬಾಧಕ ಕೆರೆಗಳು’ ಎಂದು ಪ್ರತ್ಯೇಕ ವಹಿಯಲ್ಲಿ ದಾಖಲಿಸಬೇಕು. ಮುಂಗಾರಿಗೆ ಮುನ್ನ ರಾಜ್ಯದ ನೀರಾವರಿ ಅಧಿಕಾರಿಗಳೂ ರೈಲ್ವೆ ಎಂಜಿನಿಯರುಗಳೂ ಜಂಟಿಯಾಗಿ ಅವುಗಳ ಏರಿ, ತೂಬು, ಕೋಡಿಗಳನ್ನು ಪರೀಕ್ಷಿಸಬೇಕು ಎಂಬ ವ್ಯವಸ್ಥೆ ಇದೆ. ತೊಡಕಿರುವುದು ಇಲ್ಲಿಯೇ. ಹಳಿ ಕೇಂದ್ರ ಸರ್ಕಾರದ್ದು. ಕೆರೆ ರಾಜ್ಯದ್ದು, ಕೆಲವೆಡೆ ಪಂಚಾಯಿತಿಯದು. ಕೆರೆಯ ಅಂಗಳ ಒತ್ತುವರಿಯಾಗಿದೆಯೇ, ಕೋಡಿಗೆ ಯಾರಾದರೂ ಮಣ್ಣಿನ ಅಡ್ಡ ಹಾಕಿದ್ದಾರೆಯೇ ಎಂಬುದು ರೈಲ್ವೆಯ ಕೈಮೀರಿದ ಸಂಗತಿ. ಏರಿಯನ್ನು ದುರಸ್ತಿ ಮಾಡಬೇಕೆಂದು ಆಯುಕ್ತರು ಎಷ್ಟೇ ಖಚಿತವಾಗಿ ಬರೆದರೂ ಆ ಕಾಗದ ತಲುಪುವುದು ಏರಿಯ ಒಡೆಯನಲ್ಲದವನಿಗೆ.

ಆದುದರಿಂದ ಇಂಥ ಪ್ರಕರಣಗಳಲ್ಲಿ ಯಶಸ್ವಿಯಾಗುವ ಶಿಫಾರಸು ಎರಡು ಪಾಲಾಗಿ ಒಡೆದುಕೊಳ್ಳುತ್ತದೆ. ಮೋರಿಯ ಕಂಡಿಯನ್ನು ಹಿಗ್ಗಿಸುವುದು, ಸೇತುವೆಯ ಕಂಬದ ಮೇಲೆ ಅಪಾಯದ ಮಟ್ಟವನ್ನು ಬಣ್ಣದಲ್ಲಿ ಗುರುತಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಹಳಿಯುದ್ದಕ್ಕೂ ಕಾವಲುಗಾರರನ್ನು ನಡೆಸುವುದು, ಹವಾಮಾನ ಎಚ್ಚರಿಕೆ ಬಂದಾಗ ವೇಗವನ್ನು ತಗ್ಗಿಸುವುದು ಇವೆಲ್ಲ ರೈಲ್ವೆಯ ಕೈಯಳತೆಯಲ್ಲಿರುವ ಕೆಲಸಗಳು. ಕೆರೆಯ ದುರಸ್ತಿ ಮತ್ತು ಕೋಡಿ ಬಿದ್ದ ಸುದ್ದಿಯನ್ನು ಹತ್ತಿರದ ನಿಲ್ದಾಣಕ್ಕೆ ಮುಟ್ಟಿಸುವುದು ರಾಜ್ಯದ ಪಾಲಿನವು. ‘ಹೆಚ್ಚಿನ ಎಚ್ಚರಿಕೆ ವಹಿಸತಕ್ಕದ್ದು’ ಎಂಬ ವಾಕ್ಯವನ್ನು ಒಪ್ಪಿಕೊಳ್ಳುವುದು ಬಹು ಸುಲಭ. ಅದನ್ನು ಪಾಲಿಸಲಾಗಿದೆಯೇ ಎಂದು ಮರುವರ್ಷ ಪರೀಕ್ಷಿಸುವುದು ಅಸಾಧ್ಯ. ಯಾವ ಕೆರೆ, ಯಾವ ತಿಂಗಳು, ಯಾರ ಸಹಿ ಎಂದು ಬರೆದರೆ ಮಾತ್ರ ಸಹಿ ಇಲ್ಲದ ಸಾಲು ಕಣ್ಣಿಗೆ ಬೀಳುತ್ತದೆ.

ಜಾರಿಯಾದದ್ದು, ಅರ್ಧ ದಾರಿಯಲ್ಲಿರುವುದು

ಪೂರ್ಣವಾಗಿ ಜಾರಿಯಾದ ಶಿಫಾರಸಿಗೂ ಹೈದರಾಬಾದಿನ ನೆರೆಯಲ್ಲೇ ನಿದರ್ಶನವಿದೆ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಉನ್ನತ ಮಟ್ಟದ ಸುರಕ್ಷತಾ ಪರಿಶೀಲನಾ ಸಮಿತಿ 2012ರಲ್ಲಿ ನೀಡಿದ 106 ಶಿಫಾರಸುಗಳಲ್ಲಿ ಲೆವೆಲ್ ಕ್ರಾಸಿಂಗ್‌ಗಳನ್ನು ಐದು ವರ್ಷಗಳಲ್ಲಿ ನಿವಾರಿಸಬೇಕೆಂಬುದೂ ಒಂದು. 2014ರ ಜುಲೈ 24ರಂದು ಮೆದಕ್ ಜಿಲ್ಲೆಯ ಮಾಸಾಯಿಪೇಟೆಯ ಕಾವಲಿಲ್ಲದ ಕ್ರಾಸಿಂಗ್‌ನಲ್ಲಿ ಶಾಲಾ ಬಸ್ಸಿಗೆ ರೈಲು ಅಪ್ಪಳಿಸಿ ಹದಿನೈದಕ್ಕೂ ಹೆಚ್ಚು ಮಕ್ಕಳು ಮೃತಪಟ್ಟಾಗ ಆ ವರದಿಗೆ ಎರಡು ವರ್ಷ ತುಂಬಿತ್ತು. ಕೆಳಸೇತುವೆ ಕಟ್ಟುವ ಮತ್ತು ಕಾವಲುಗಾರರನ್ನು ನೇಮಿಸುವ ಕಾರ್ಯ ಅನಂತರ ಚುರುಕುಗೊಂಡು, 2019ರ ಜನವರಿ ಅಂತ್ಯದ ವೇಳೆಗೆ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್ ಉಳಿಯಲಿಲ್ಲ. ಎಣಿಸಬಹುದಾದ ಗುರಿ, ಮೀಸಲಿಟ್ಟ ಹಣ, ನಿಗದಿತ ಕಾಲ ಈ ಮೂರೂ ಕೂಡಿಬಂದುದರಿಂದ ಇದು ಸಾಧ್ಯವಾಯಿತು. ಅದೇ ಸಮಿತಿ ಸೂಚಿಸಿದ್ದ ಶಾಸನಬದ್ಧ ರೈಲ್ವೆ ಸುರಕ್ಷತಾ ಪ್ರಾಧಿಕಾರ ಮಾತ್ರ ಅಸ್ತಿತ್ವಕ್ಕೆ ಬರಲಿಲ್ಲ.

ಕೆಂಪು ಸಿಗ್ನಲನ್ನು ದಾಟಿದ ರೈಲನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆಯ ಕಥೆ ಇನ್ನೂ ನಡೆಯುತ್ತಿದೆ. 2012ರ ಮೇ 22ರಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆದ ದುರಂತವನ್ನು ಕನ್ನಡಿಗರು ಮರೆತಿರಲಾರರು. ಇಂದು ‘ಕವಚ’ವೆಂದು ಕರೆಯಲಾಗುವ ದೇಶೀಯ ವ್ಯವಸ್ಥೆಯನ್ನು ಮೊದಲು ಪರೀಕ್ಷಿಸಿದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ, ಪ್ರಯಾಣಿಕರ ರೈಲುಗಳ ಮೇಲಿನ ಪ್ರಯೋಗ ಆರಂಭವಾದದ್ದು 2016ರ ಫೆಬ್ರವರಿಯಲ್ಲಿ. 2019ರ ನವೆಂಬರ್ 11ರಂದು ಇದೇ ಲಿಂಗಂಪಲ್ಲಿಯಿಂದ ಫಲಕನುಮಾಕ್ಕೆ ಸಾಗುತ್ತಿದ್ದ ನಗರ ರೈಲು ಕಾಚಿಗುಡದಲ್ಲಿ ಕೆಂಪು ಸಿಗ್ನಲ್ ದಾಟಿ ಎದುರಿನ ಎಕ್ಸ್‌ಪ್ರೆಸ್‌ಗೆ ಡಿಕ್ಕಿಯಾಯಿತು. ಅದರ ಚಾಲಕರು ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. 2020ರ ಜುಲೈಯಲ್ಲಿ ಕವಚವನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು. ದಕ್ಷಿಣ ಮಧ್ಯ ರೈಲ್ವೆಯಲ್ಲಿ 1,465 ಕಿಲೋಮೀಟರ್ ಮಾರ್ಗಕ್ಕೆ ಅಳವಡಿಸಿದ ಅನುಭವದ ನಂತರ, 2024ರ ಜುಲೈಯಲ್ಲಿ ಅದರ ಸುಧಾರಿತ ರೂಪಕ್ಕೆ ಒಪ್ಪಿಗೆ ದೊರೆಯಿತು.

ಕಿವಿಗೆ ಬೀಳದ ಎಚ್ಚರಿಕೆ

ಅಪಘಾತವಾಗದೆ ತಪ್ಪಿದ ಘಟನೆಗಳಿಂದ ಕಲಿಯುವುದು ಇನ್ನೂ ಕಷ್ಟ. 2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗಲಿದ್ದುದನ್ನು ಚಾಲಕರು ಗಮನಿಸಿ ರೈಲನ್ನು ನಿಲ್ಲಿಸಿದರು. ಸಿಗ್ನಲ್ ವ್ಯವಸ್ಥೆಯಲ್ಲಿರುವ ಈ ದೋಷ ಗಂಭೀರವಾದುದೆಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಬರೆದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹನಾಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ನುಗ್ಗಿ 290ಕ್ಕೂ ಹೆಚ್ಚು ಜನ ಮೃತಪಟ್ಟರು. ಅದೇ ಖರಗ್‌ಪುರ ವಿಭಾಗದಲ್ಲಿ 2022ರ ಮೇ ತಿಂಗಳಲ್ಲಿ ತಪ್ಪು ವೈರಿಂಗ್‌ನಿಂದ ನಡೆದಿದ್ದ ಇಂಥದೇ ಘಟನೆಯ ನಂತರ ತಿದ್ದುಪಡಿ ಕ್ರಮಗಳನ್ನು ಕೈಗೊಂಡಿದ್ದರೆ ಈ ದುರಂತವನ್ನು ತಪ್ಪಿಸಬಹುದಾಗಿತ್ತೆಂದು ಆಯುಕ್ತರ ವರದಿ ಹೇಳಿತು. ದೂರದ ಹೊಸದುರ್ಗದ ಪತ್ರ ಅಲ್ಲಿಗೆ ಮುಟ್ಟದಿದ್ದರೆ ಅಚ್ಚರಿಯಿಲ್ಲ. ಸ್ವಂತ ವಿಭಾಗದ ಅನುಭವವೂ ಮುಟ್ಟಲಿಲ್ಲವೆಂಬುದು ಯೋಚಿಸಬೇಕಾದ ಮಾತು.

ಈ ವಿಷಯದಲ್ಲಿ ವಿಮಾನಯಾನ ಕ್ಷೇತ್ರ ಒಂದು ಹೆಜ್ಜೆ ಮುಂದಿದೆ. ಸುರಕ್ಷತಾ ಶಿಫಾರಸನ್ನು ಪಡೆದ ರಾಷ್ಟ್ರ ತಾನು ಕೈಗೊಂಡ ಕ್ರಮವನ್ನು, ಕೈಗೊಳ್ಳದಿದ್ದಲ್ಲಿ ಅದರ ಕಾರಣವನ್ನು, 90 ದಿನಗಳೊಳಗೆ ತಿಳಿಸಬೇಕೆಂದು ಅಂತಾರಾಷ್ಟ್ರೀಯ ಒಪ್ಪಂದದ ಅನುಬಂಧ ವಿಧಿಸುತ್ತದೆ. 2010ರ ಮಂಗಳೂರು ವಿಮಾನ ದುರಂತದ ಎರಡು ವರ್ಷಗಳ ನಂತರ ನಮ್ಮಲ್ಲಿಯೂ ವಿಮಾನ ಅಪಘಾತಗಳ ತನಿಖೆಗೆ ಪ್ರತ್ಯೇಕ ಬ್ಯೂರೊ ಸ್ಥಾಪನೆಯಾಯಿತು.

ರೈಲ್ವೆ ಅಪಘಾತದ ವಿಚಾರಣೆಯಲ್ಲಿ ಸಾರ್ವಜನಿಕರಿಗೂ ಸ್ಥಾನವಿದೆ. ವಿಚಾರಣೆಯ ದಿನ ಮತ್ತು ಸ್ಥಳವನ್ನು ಪತ್ರಿಕೆಗಳಲ್ಲಿ ಪ್ರಕಟಿಸಲಾಗುತ್ತದೆ. ಅಪಘಾತದ ಬಗ್ಗೆ ಮಾಹಿತಿಯುಳ್ಳ ಯಾರೇ ಆಗಲಿ ಖುದ್ದಾಗಿ ಹಾಜರಾಗಿ ಹೇಳಿಕೆ ನೀಡಬಹುದು ಅಥವಾ ಆಯುಕ್ತರ ಕಚೇರಿಗೆ ಬರೆದು ತಿಳಿಸಬಹುದು. ಗಾಯಗೊಂಡ ಪ್ರಯಾಣಿಕರು, ಗೇಟಿನ ಬಳಿ ಅಂಗಡಿ ಇಟ್ಟವರು, ಹಿಂದಿನ ಸಂಜೆಯೇ ಕೆರೆ ಕೋಡಿ ಬಿದ್ದುದನ್ನು ಕಂಡ ರೈತರು ಇವರ ಮಾತುಗಳೂ ಸಾಕ್ಷ್ಯವಾಗಿ ದಾಖಲಾಗುತ್ತವೆ.