ಈಜುಕೊಳದ ನಿಯಮಗಳೂ ಅವುಗಳ ಕಾರಣಗಳೂ

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವುದೆಂದರೆ ಕೆರೆಗೋ ಬಾವಿಗೋ ಇಳಿಯುವುದೆಂದೇ ಅರ್ಥವಾಗಿತ್ತು. ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ದಡದ ಮೇಲಿನ ಹಿರಿಯರೊಬ್ಬರು ಹಿಡಿದಿರುತ್ತಿದ್ದರು. ಮಾಗಡಿ ರಸ್ತೆಯ ಸುಂಕದಕಟ್ಟೆಯಂತಹ ಬಡಾವಣೆಗಳಲ್ಲಿ ಇಂದು ಆ ಅನುಕೂಲವಿಲ್ಲ. ಹತ್ತಿರದ ಹೇರೋಹಳ್ಳಿ ಕೆರೆ ಈಗ ನೋಡುವ ಕೆರೆಯೇ ಹೊರತು ಈಜುವ ಕೆರೆಯಲ್ಲ. ಈಜು ಕಲಿಯಬೇಕೆನ್ನುವ ವಿದ್ಯಾರ್ಥಿ ಹಣ ತೆತ್ತು ಸಾರ್ವಜನಿಕ ಈಜುಕೊಳಕ್ಕೆ ಹೋಗಬೇಕು. ಅಲ್ಲಿ ಹಗ್ಗ ಹಿಡಿದ ಹಿರಿಯರ ಬದಲು ಗೋಡೆಯ ಮೇಲೊಂದು ಫಲಕವಿರುತ್ತದೆ: ಓಡಬಾರದು, ಸ್ನಾನ ಮಾಡದೆ ಇಳಿಯಬಾರದು, ಆಳವಿಲ್ಲದ ಕಡೆ ತಲೆಕೆಳಗಾಗಿ ಧುಮುಕಬಾರದು, ಜೀವರಕ್ಷಕನಿಲ್ಲದಾಗ ನೀರಿಗೆ ಇಳಿಯಬಾರದು. 'ಬಾರದು'ಗಳ ಈ ಸಾಲನ್ನು ಕಂಡು ಬೇಸರಪಡುವವರೇ ಹೆಚ್ಚು. ಆದರೆ ಒಂದೊಂದು 'ಬಾರದು'ವಿನ ಹಿಂದೆಯೂ ಪಾಠಪುಸ್ತಕದಲ್ಲಿ ನಾವು ಓದಿಯೇ ಇರುವ ಭೌತವಿಜ್ಞಾನವೋ ರಸಾಯನವಿಜ್ಞಾನವೋ ಇದೆ.

2024ರ ನವೆಂಬರ್ 17ರಂದು ಮಂಗಳೂರಿನ ಬಳಿ, ಉಳ್ಳಾಲದ ಕಡಲತೀರದ ವಿಹಾರಧಾಮವೊಂದರ ಈಜುಕೊಳದಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಮೂವರಿಗೂ ಈಜು ಬರುತ್ತಿರಲಿಲ್ಲ. ಒಬ್ಬರು ಆಳದ ಕಡೆಗೆ ಸರಿದು ಮುಳುಗತೊಡಗಿದರು; ಅವರನ್ನು ಹಿಡಿಯಹೋದ ಎರಡನೆಯವರೂ, ಅವರ ಹಿಂದೆ ಹೋದ ಮೂರನೆಯವರೂ ಆಳಕ್ಕೆ ಸಿಕ್ಕಿದರು. ನೀರಿನ ಆಳ ಸುಮಾರು ಆರು ಅಡಿ. ಆಳವನ್ನು ತಿಳಿಸುವ ಗುರುತಾಗಲಿ ಜೀವರಕ್ಷಕನಾಗಲಿ ಅಲ್ಲಿ ಇರಲಿಲ್ಲ. ಆರಡಿ ನೀರಿನಲ್ಲಿ ಮೂರು ಜೀವ ಹೋದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ಫಲಕದ ಅರ್ಧದಷ್ಟು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲನೆಯದಾಗಿ, ದಡದಲ್ಲಿ ನಿಂತವರ ಕಣ್ಣು ಆಳವನ್ನು ಸರಿಯಾಗಿ ಅಳೆಯಲಾರದು. ನೀರಿನಿಂದ ಗಾಳಿಗೆ ಬರುವ ಬೆಳಕು ವಕ್ರೀಭವನಗೊಳ್ಳುತ್ತದೆ. ನೀರಿನ ವಕ್ರೀಭವನ ಸೂಚಿ 1.33. ನೆಟ್ಟಗೆ ಮೇಲಿನಿಂದ ನೋಡಿದಾಗ ತೋರುವ ಆಳವು ನಿಜವಾದ ಆಳವನ್ನು ಈ ಸಂಖ್ಯೆಯಿಂದ ಭಾಗಿಸಿದಷ್ಟು ಮಾತ್ರ. ಎಂದರೆ ಆರಡಿ ನೀರು ನಾಲ್ಕೂವರೆ ಅಡಿಯಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಐದಡಿ ಎತ್ತರದವರು 'ನನಗೆ ಎದೆಮಟ್ಟ' ಎಂದುಕೊಂಡು ಇಳಿಯುವ ನೀರು ಅವರ ತಲೆಯ ಮೇಲೆ ಒಂದಡಿ ನಿಲ್ಲುತ್ತದೆ. ಆದುದರಿಂದ ಕೊಳದ ಅಂಚಿನಲ್ಲಿ ಆಳವನ್ನು ಅಂಕಿಗಳಲ್ಲಿ ಬರೆಯಬೇಕೆಂಬುದು ಅಲಂಕಾರದ ನಿಯಮವಲ್ಲ.

ಎರಡನೆಯದು ನೆಲದ ಇಳಿಜಾರು. ಸಾಧಾರಣವಾಗಿ ಕೊಳದ ತಳ ಒಂದು ತುದಿಯಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುತ್ತದೆ. ಕತ್ತಿನವರೆಗೆ ನೀರಿರುವಾಗ ನಮ್ಮ ಪಾದಗಳ ಮೇಲೆ ಬೀಳುವ ಭಾರ ದೇಹದ ತೂಕದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಉಳಿದುದನ್ನು ನೀರೇ ಹೊರುತ್ತದೆ. ಘರ್ಷಣೆಯು ಭಾರವನ್ನು ಅವಲಂಬಿಸಿದೆ. ಭಾರ ಹೋದರೆ ಕಾಲಿನ ಹಿಡಿತವೂ ಹೋಯಿತು. ಆ ಸ್ಥಿತಿಯಲ್ಲಿ ಇಳಿಜಾರಿನ ಮೇಲೆ ಹಿಂದಕ್ಕೆ ಕಾಲಿಡಲು ಯತ್ನಿಸಿದಷ್ಟೂ ಪಾದ ಮುಂದಕ್ಕೆ ಜಾರುತ್ತದೆ.

ಇನ್ನು ತೇಲುವ ವಿಚಾರ. ವಾಚಕರು ಇಲ್ಲಿ ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಪುಪ್ಫುಸಗಳಲ್ಲಿ ಗಾಳಿ ತುಂಬಿರುವಾಗ ಮನುಷ್ಯದೇಹದ ಸಾಂದ್ರತೆ ನೀರಿಗಿಂತ ಕೊಂಚವೇ ಕಡಿಮೆ. 55 ಕಿಲೋಗ್ರಾಂ ತೂಕದವರನ್ನು ತೆಗೆದುಕೊಂಡರೆ, ಆರ್ಕಿಮಿಡೀಸನ ತತ್ತ್ವದಂತೆ ಅವರಿಗೆ ಸಿಗುವ ನಿವ್ವಳ ಮೇಲ್ನೂಕು ಒಂದೆರಡು ಕಿಲೋಗ್ರಾಂ ತೂಕದಷ್ಟೇ. ತಲೆಯೊಂದೇ ನಾಲ್ಕೈದು ಕಿಲೋಗ್ರಾಂ ತೂಗುತ್ತದೆ. ಎಂದಮೇಲೆ ಅಲುಗಾಡದೆ ಇದ್ದರೂ ಇಡೀ ತಲೆ ನೀರಿನ ಮೇಲೆ ನಿಲ್ಲುವಂತಿಲ್ಲ. ಮುಖವನ್ನು ಆಕಾಶಕ್ಕೆ ತಿರುಗಿಸಿ ಅಂಗಾತ ಮಲಗಿದರೆ ಮೂಗು ಬಾಯಿ ಮಾತ್ರ ಮೇಲಿರುತ್ತವೆ. ಹೆದರಿದವರು ಮಾಡುವುದೇನು? ಎರಡೂ ಕೈಗಳನ್ನು ಮೇಲಕ್ಕೆತ್ತುತ್ತಾರೆ. ಕೈ ಒಂದೊಂದೂ ದೇಹದ ತೂಕದ ಶೇಕಡಾ 5ರಷ್ಟಿರುತ್ತದೆ. ನೀರಿನಿಂದ ಹೊರಗೆ ಬಂದ ಕೈಗಳಿಗೆ ಮೇಲ್ನೂಕಿಲ್ಲ. ಅವುಗಳ ಐದು ಕಿಲೋಗ್ರಾಂ ಭಾರ ನೇರವಾಗಿ ತಲೆಯನ್ನು ಕೆಳಕ್ಕೆ ಒತ್ತುತ್ತದೆ. ಕಿರುಚಿದರೆ ಪುಪ್ಫುಸದ ಗಾಳಿಯೂ ಖಾಲಿ. ಆಗ ದೇಹದ ಸಾಂದ್ರತೆ ನೀರಿನದನ್ನು ಮೀರುತ್ತದೆ. ಹಳ್ಳಿಯ ಸೋರೆಬುರುಡೆ ಒದಗಿಸುತ್ತಿದ್ದುದು ಈ ಕೊರತೆಯನ್ನೇ: ಮೂರು ಲೀಟರ್ ಗಾತ್ರದ ಬುರುಡೆ, ಹೆಚ್ಚುಕಡಿಮೆ ಅಷ್ಟೇ ಕಿಲೋಗ್ರಾಂ ಮೇಲ್ನೂಕು.

ಮುಳುಗುವವರು ಕೂಗಿ ಕರೆಯುತ್ತಾರೆ, ಕೈ ಬೀಸುತ್ತಾರೆ ಎಂದು ಚಲನಚಿತ್ರಗಳು ನಮಗೆ ಕಲಿಸಿವೆ. ಅದು ತಪ್ಪು. ನ್ಯೂಯಾರ್ಕಿನ ಕಡಲತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬುವರು ಮುಳುಗುವವರ ವರ್ತನೆಯನ್ನು ಗಮನಿಸಿ, ಅದು ಬಹುಮಟ್ಟಿಗೆ ಮೌನವಾದುದೆಂದು ತೋರಿಸಿದರು. ಬಾಯಿ ನೀರಿನ ಮೇಲೆ ಬರುವ ಕ್ಷಣ ಉಸಿರಿಗೇ ಸಾಲದು, ಕೂಗಿಗೆ ಎಲ್ಲಿಯದು? ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ. ಈ ಹೋರಾಟ ನಡೆಯುವುದು 20ರಿಂದ 60 ಸೆಕೆಂಡುಗಳ ಕಾಲ ಮಾತ್ರ. ಪಕ್ಕದಲ್ಲಿ ಮಾತನಾಡುತ್ತ ಕುಳಿತವರಿಗೆ ಇದು ತಿಳಿಯುವುದೇ ಇಲ್ಲ. ಬೇರೆ ಯಾವ ಕೆಲಸವೂ ಇಲ್ಲದೆ ನೀರನ್ನೇ ನೋಡುತ್ತ ಕೂರುವ ಒಬ್ಬ ಮನುಷ್ಯ ಬೇಕೆಂಬ ನಿಯಮ ಇದಕ್ಕಾಗಿ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹತ್ತಿ ಮೇಲೇರಲು ನೋಡುತ್ತಾರೆ. ಸಿಕ್ಕಿದ್ದು ಸ್ನೇಹಿತರ ಹೆಗಲಾದರೂ ಅಷ್ಟೆ. ಆದುದರಿಂದ ತರಬೇತಿಯಿಲ್ಲದವರು ನೀರಿಗೆ ಹಾರತಕ್ಕದ್ದಲ್ಲ. ದಡದಲ್ಲಿ ಮಲಗಿ ಕೋಲು ಚಾಚಬೇಕು; ಹಗ್ಗ, ರಬ್ಬರ್ ಬಳೆ, ಮುಚ್ಚಳ ಬಿಗಿದ ಖಾಲಿ ಬಿಂದಿಗೆ, ಏನು ತೇಲುವುದೋ ಅದನ್ನು ಎಸೆಯಬೇಕು. ಉಳ್ಳಾಲದ ಎರಡನೆಯ, ಮೂರನೆಯ ಸಾವುಗಳನ್ನು ನೆನೆದಾಗ ಈ ನಿಯಮವನ್ನು ಫಲಕದ ಮೊದಲ ಸಾಲಿನಲ್ಲಿಯೇ ಬರೆಯಬೇಕೆಂದು ನಮಗೆ ತೋರುತ್ತದೆ.

ಚೆನ್ನಾಗಿ ಈಜಬಲ್ಲವರನ್ನೇ ಬಲಿತೆಗೆದುಕೊಳ್ಳುವ ಅಪಾಯವೂ ಒಂದುಂಟು. ನೀರಿನಡಿ ಯಾರು ಹೆಚ್ಚು ದೂರ ಹೋಗುತ್ತಾರೆಂದು ಪಂದ್ಯ ಕಟ್ಟಿದ ಹುಡುಗರು ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ. ಆಮ್ಲಜನಕವನ್ನು ಕೂಡಿಟ್ಟುಕೊಂಡೆವೆಂದು ಅವರ ಭಾವನೆ. ರಕ್ತದ ಹೀಮೋಗ್ಲೋಬಿನ್ ಸಹಜವಾಗಿಯೇ ಶೇಕಡಾ 97ರಷ್ಟು ಆಮ್ಲಜನಕದಿಂದ ತುಂಬಿರುವುದರಿಂದ ಅಲ್ಲಿ ಕೂಡಿಡಲು ಸ್ಥಳವಿಲ್ಲ. ನಿಜವಾಗಿ ಆಗುವುದು ಬೇರೆ: ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 'ಉಸಿರಾಡು' ಎಂದು ಮಿದುಳನ್ನು ಒತ್ತಾಯಿಸುವುದು ಮುಖ್ಯವಾಗಿ ಈ ಅನಿಲದ ಏರಿಕೆಯೇ ಹೊರತು ಆಮ್ಲಜನಕದ ಇಳಿಕೆಯಲ್ಲ. ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿ ಒಳಗೆ ಹೋದಂತಾಯಿತು. ಉಸಿರಿನ ತವಕ ಹುಟ್ಟುವ ಮೊದಲೇ ಆಮ್ಲಜನಕ ತೀರಿ, ಯಾವ ಸಂಕಟವೂ ತೋರದೆ ಈಜುಗಾರ ಪ್ರಜ್ಞೆ ತಪ್ಪುತ್ತಾನೆ. ಮೇಲಿದ್ದವರಿಗೆ ಅವನು ಇನ್ನೂ ಪಂದ್ಯದಲ್ಲಿರುವಂತೆಯೇ ಕಾಣುತ್ತದೆ.

ಓಡಬಾರದೆಂಬುದಕ್ಕೆ ಒದ್ದೆ ಕಲ್ಲಿನ ಜಾರಿಕೆಯೇ ಕಾರಣ, ಹೆಚ್ಚು ಹೇಳಬೇಕಾಗಿಲ್ಲ. ಧುಮುಕುವುದರ ಬಗ್ಗೆ ಒಂದು ಅಂಕಿ ಸಾಕು: ಒಂದು ಮೀಟರ್ ಎತ್ತರದಿಂದ ಬಿದ್ದ ದೇಹ ಸೆಕೆಂಡಿಗೆ 4.4 ಮೀಟರ್, ಅಂದರೆ ಗಂಟೆಗೆ 16 ಕಿಲೋಮೀಟರ್ ವೇಗದಿಂದ ನೀರನ್ನು ಸೇರುತ್ತದೆ. ಸೊಂಟಮಟ್ಟದ ನೀರು ಆ ವೇಗವನ್ನು ತಡೆಯಲಾರದು. ತಲೆ ನೆಲಕ್ಕೆ ತಗಲಿ, ಹಿಂದಿನಿಂದ ಬರುವ ದೇಹದ ಭಾರವೆಲ್ಲ ಕತ್ತಿನ ಮೂಳೆಗಳ ಮೇಲೆ ಬೀಳುತ್ತದೆ. ಮುರಿದುದು ಕತ್ತಾದರೆ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು.

ಸ್ನಾನದ ನಿಯಮಕ್ಕೆ ಬರೋಣ. 25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ನಾಲ್ಕೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿಯನ್ನು ಎತ್ತಿ ತರುವ ಬೆಂಗಳೂರಿನಲ್ಲಿ ಇದನ್ನು ದಿನವೂ ಬದಲಾಯಿಸುವ ಮಾತೇ ಇಲ್ಲ. 2024ರ ಬರಗಾಲದ ಮಾರ್ಚ್ ತಿಂಗಳಲ್ಲಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನೇ ಜಲಮಂಡಳಿ ನಿಷೇಧಿಸಿತ್ತು. ಅದೇ ನೀರನ್ನು ಸೋಸಿ, ಕ್ಲೋರಿನ್ ಬೆರೆಸಿ ಮತ್ತೆ ಮತ್ತೆ ಬಳಸುತ್ತಾರೆ. ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು ಕ್ಲೋರಿನ್ ಸಾಕು. ಆದರೆ ಬೆವರು, ಮೂತ್ರಗಳಲ್ಲಿರುವ ಯೂರಿಯಾ ಮುಂತಾದ ಸಾರಜನಕ ಪದಾರ್ಥಗಳು ಸೇರಿದರೆ ಕ್ಲೋರಿನ್ ಅವುಗಳೊಡನೆ ಕೂಡಿ ಕ್ಲೋರಮೀನುಗಳಾಗುತ್ತವೆ. ಅವುಗಳಿಗೆ ಕ್ರಿಮಿಗಳನ್ನು ಕೊಲ್ಲುವ ಶಕ್ತಿ ಬಹಳ ಕಡಿಮೆ. ಕಣ್ಣು ಕೆಂಪಾಗಿಸುವ, ಕೆಮ್ಮು ಬರಿಸುವ ಶಕ್ತಿ ಮಾತ್ರ ಹೆಚ್ಚು. 'ಕ್ಲೋರಿನ್ ವಾಸನೆ ಗಾಢವಾಗಿದೆ, ನೀರು ಶುದ್ಧವಾಗಿರಬೇಕು' ಎನ್ನುವವರುಂಟು. ಆ ವಾಸನೆ ಬಹುಪಾಲು ಕ್ಲೋರಮೀನುಗಳದು. ಸ್ನಾನ ಮಾಡದೆ ಇಳಿದವರ ಹಾಜರಿಯೆಂದು ಅದನ್ನು ತಿಳಿಯಬಹುದು. ಭೇದಿಯಾದವರು ಇಳಿಯಬಾರದೆಂಬುದಕ್ಕೂ ಬಲವಾದ ಕಾರಣವಿದೆ: ಕ್ರಿಪ್ಟೊಸ್ಪೋರಿಡಿಯಮ್ ಎಂಬ ಸೂಕ್ಷ್ಮಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿಯೂ ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು.

ಕೊಳದ ತಳದ ಜಾಲರಿಯ ಬಳಿ ಆಡಬಾರದೆಂಬುದನ್ನು ನಮ್ಮಲ್ಲಿ ಎಲ್ಲ ಫಲಕಗಳೂ ಹೇಳುವುದಿಲ್ಲ. ನೀರು ಸೋಸುವ ಪಂಪು ಅಲ್ಲಿಂದ ನೀರನ್ನು ಎಳೆಯುತ್ತದೆ. ಇಪ್ಪತ್ತು ಸೆಂಟಿಮೀಟರ್ ಚೌಕದ ತೂಬನ್ನು ಮಗುವಿನ ಬೆನ್ನು ಮುಚ್ಚಿ, ಒಳಗಿನ ಒತ್ತಡ ಅರ್ಧ ವಾಯುಭಾರದಷ್ಟು ಇಳಿದರೂ, ಮಗುವನ್ನು ಹಿಡಿದಿಡುವ ಬಲ ಇನ್ನೂರು ಕಿಲೋಗ್ರಾಂ ತೂಕದಷ್ಟಾಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಹೀಗೆ ಸಿಕ್ಕಿಬಿದ್ದು ಏಳು ವರ್ಷದ ಬಾಲಕಿಯೊಬ್ಬಳು ಸತ್ತ ಮೇಲೆ, ಸುರಕ್ಷಿತ ಜಾಲರಿಗಳನ್ನು ಕಡ್ಡಾಯಗೊಳಿಸುವ ಕಾನೂನು 2007ರಲ್ಲಿ ಅವಳ ಹೆಸರಿನಲ್ಲಿಯೇ ಬಂದಿತು.

ಮುಳುಗಿದವರನ್ನು ಮೇಲೆತ್ತಿದ ನಂತರ ತಲೆಕೆಳಗು ಮಾಡುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಇದರಿಂದ ಹೊಟ್ಟೆಯಲ್ಲಿದ್ದುದು ಪುಪ್ಫುಸಕ್ಕೆ ನುಗ್ಗುತ್ತದೆ, ಸಮಯವೂ ಹಾಳಾಗುತ್ತದೆ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದವನ್ನೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರೂದಬೇಕು. ಅನಂತರ ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರ ಗತಿಯಲ್ಲಿ ಮೂವತ್ತು ಸಲ ಒತ್ತಿ, ಮತ್ತೆ ಎರಡು ಸಲ ಉಸಿರು ಕೊಡಬೇಕು. ಅಷ್ಟರೊಳಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಆಂಬುಲೆನ್ಸ್ ಬರುವವರೆಗೆ, ಇಲ್ಲವೆ ಉಸಿರು ಮರಳುವವರೆಗೆ, ಒತ್ತುವವರು ಸರದಿಯ ಮೇಲೆ ಬದಲಾಗಬಹುದೇ ಹೊರತು ಒತ್ತುವುದನ್ನು ನಿಲ್ಲಿಸತಕ್ಕದ್ದಲ್ಲ.